ತಂತಿಗೆ ಹಚ್ಚಿದ ಕಂತಿ

ಮಧುಗಿರಿ
ತಾರಣ ಸಂವತ್ಸರ, ಕಾರ್ತೀಕ ಬಹುಳ ಪಂಚಮಿ, ೧೯೪೪

ಚಿ. ಸೌ. ಜಗದಾಂಬಳಿಗೆ ನಿನ್ನ ಅವ್ವ ದಾಕ್ಷಾಯಣಮ್ಮ ಮಾಡುವ ಆಶೀರ್ವಾದಗಳು. ಪಾವಗಡದಲ್ಲಿ ನೀನು, ಅಳಿಯಂದಿರು, ದೊಡ್ಡ ಮಗು, ಹೊಸ ಕೂಸು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿಕೊಂಡು ಬರೆಯುತ್ತಿದ್ದೇನೆ. ನಿನ್ನ ಕಾಗದಗಳಿಗೆ ಉತ್ತರ ಹಾಕಲಿಲ್ಲವೆಂದು ಕೋಪ ಮಾಡಿಕೊಳ್ಳಬೇಡ. ಬರೆಯಲು ಕೂರುತ್ತಿದ್ದೆ, ಎದ್ದುಬಿಡುತ್ತಿದ್ದೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಡಿಸಿದವಳ ಅಕ್ಷರ, ಒತ್ತು ತಪ್ಪಿದ್ದರೆ ನೀನೇ ಸೇರಿಸಿ ಓದಿಕೋ.

ಕೂಸಿನ ನೆಗಡಿ ಹೋಯಿತೆ? ಬಜೆ ತೇಯ್ದು ನಾಲಿಗೆಗೆ ಮುಟ್ಟಿಸು, ಜಾಸ್ತಿ ಬೇಡ, ಬಿಸಿ ಆಗುತ್ತದೆ. ಬಾಗಿಲಿಗೆ ಎದುರಾಗಿ ತೊಟ್ಟಿಲು ಕಟ್ಟಿದ್ದೀಯೇನೋ ಎಂದು ನನಗೆ ಒಂದೇ ಯೋಚನೆ. ಅಲ್ಲಿನ ಗಾಳಿ ಒಣಗಾಳಿ.

ಕೂಸಿಗೆ ಕಟ್ಟುವ ಲಿಂಗ ಅಪ್ಪಯ್ಯನ ಕೈಯದೇ ಆಗಬೇಕು, ಯಾವಾಗ ತರುತ್ತಾರೆ ಎಂದು ಪ್ರತಿ ಕಾಗದದಲ್ಲೂ ಕೇಳಿದ್ದೀಯೆ. ಅದಕ್ಕೆ ಏನು ಬರೆಯಲಿ ಎಂದು ತಿಳಿಯದೆಯೇ ತಡವಾದದ್ದು. ಕಲ್ಲು ತಿದ್ದಿ ನುಣುಪು ಮಾಡಿ ಇಟ್ಟಿದ್ದಾರೆ. ಮೇಲೆ ಬಳಿಯುವ ಕಪ್ಪು ಲೇಪ, ಕಂತಿ, ಹಚ್ಚಿಲ್ಲ. ಹಚ್ಚುವುದೂ ಇಲ್ಲ. ಹೇಗೆ ಆಯಿತೆಂದು ಬರೆಯುತ್ತೇನೆ, ಗಾಬರಿಯಾಗಬೇಡ, ಹಾಲು ಕುಡಿಸುವವಳು.

ನಮ್ಮ ಸಾಹುಕಾರ್ ಶಂಕರಲಿಂಗಪ್ಪನವರ ಅಕ್ಕಿ ಮಿಲ್ಲಿನ ಮೋಟಾರು ಸುಟ್ಟುಹೋಯಿತು. ಒಳಗೆ ಸುತ್ತುವ ತಾಮ್ರದ ತಂತಿ ಹಡಗಿನಲ್ಲಿ ಸೀಮೆಯಿಂದ ಬರಬೇಕು, ಯುದ್ಧ ಶುರುವಾದಾಗಿನಿಂದ ಅದು ಬರುತ್ತಿಲ್ಲ. ಸಾಹುಕಾರರು ಮನೆಗೆ ಬಂದು ಜಗಲಿಯ ಮೇಲೆ ನಿಮ್ಮಪ್ಪನ ಎದುರು ಕೂತರು. "ಪರ್ವತಯ್ನೋರೆ, ಹಳೇ ತಂತಿನೇ ಬಿಚ್ಚಿ ತಿರುಗಾ ಸುತ್ತಿಸ್ತೀನಿ. ಒಂದು ಸುತ್ತು ಇನ್ನೊಂದಕ್ಕೆ ತಾಕದಂಗೆ, ಕಾದ್ರೂ ಕರಗದಂಗೆ ಮ್ಯಾಲೆ ಏನಾರ ಬಳೀಬೇಕು. ರಾಳದ ಕೆಲಸ ನಿಮಗೆ ಗೊತ್ತಿದ್ದಂಗೆ ಈ ಊರಾಗೆ ಯಾರಿಗೆ ಗೊತ್ತು?" ಎಂದರು.

ನಿಮ್ಮಪ್ಪ ಮೊದಲು ಬರೀ ಅರಗು, ರಾಳ ಕಾಸಿ, ತಂತಿಯನ್ನು ಅದರಲ್ಲಿ ಹಾಯಿಸಿ ಕೆಂಡದ ಮೇಲೆ ಆರಿಸಿದರು. ತಂತಿ ಕಾದಾಗ ಅದು ಮೆತ್ತಗಾಯಿತು. ಮುಖ ಸಣ್ಣದು ಮಾಡಿಕೊಂಡು ಕೂತಿದ್ದವರು ಎದ್ದು, "ಲಿಂಗಕ್ಕೆ ಹಚ್ಚೋದು ಇರ್ಬೇಕಾದ್ರೆ ನಾನ್ಯಾಕೆ ಒದ್ದಾಡ್ಲಿ ಕಣೇ? ಜನ್ಮವೆಲ್ಲ ಬೆವರಲ್ಲಿ ನೆಂದರೂ, ಮೈಬಿಸಿಯಲ್ಲಿದ್ದರೂ ಬಿರುಕು ಬಿಡಲ್ಲ" ಎಂದರು. ನಮ್ಮ ಮನೆಯ ಕಂತಿ ನಿನಗೆ ಗೊತ್ತಿದ್ದದ್ದೇ. ರಾಳ, ಗೇರೆಣ್ಣೆ, ಸಗಣಿ ಬೂದಿ, ಹರಳೆಣ್ಣೆ ದೀಪದ ಮಸಿ. ಚಿಕ್ಕಂದಿನಲ್ಲಿ ದೀಪಕ್ಕೆ ತಟ್ಟೆ ಕವುಚಿ ಮಸಿ ಹಿಡಿಯುತ್ತಿದ್ದವಳು ನೀನೇ ಅಲ್ಲವೆ. ಅದನ್ನೇ ತೆಳ್ಳಗೆ ಮಾಡಿ ತಂತಿಗೆ ಹಚ್ಚಿದರು. ಕಾದ ಸೌಟು ಇಟ್ಟರೂ ಕರಗಲಿಲ್ಲ, ಬೆರಳಿಗೆ ಸುತ್ತಿದರೂ ಬಿರಿಯಲಿಲ್ಲ. ಆವತ್ತು ಅವರು ನಕ್ಕರು, ಹಾಗೆ ನಕ್ಕದ್ದನ್ನು ನಾನು ನಿನ್ನ ಮದುವೆಯಲ್ಲಿ ನೋಡಿದ್ದೆ.

ಮಿಲ್ಲಿನಲ್ಲಿ ಕಾಳು ಸುರಿಯುವ ಮುದ್ದಪ್ಪ, ಕುರುಬರ ಕೆಂಪಕ್ಕನ ಗಂಡ, ಸುರುಳಿ ಒಯ್ಯಲು ಬಂದವನು ನೋಡಿ ಗೊಳ್ಳೆಂದ. "ಅಯ್ನೋರೆ, ಮೋಟ್ರಿಗೂ ಲಿಂಗ ಕಟ್ಟಿಬುಟ್ರಾ! ಇನ್ಮೇಕೆ ಅದ್ರ ಮುಂದೆ ನಾನು ಬಾಡೂಟದ ಮಾತೆತ್ತಂಗಿಲ್ಲ ಬುಡಿ!" ನಿಮ್ಮಪ್ಪನೂ ನಕ್ಕು, "ಹೋಗ್ಲಾ, ನಿನಗೂ ಒಂದು ಕಟ್ತೀನಿ" ಎಂದರು.

ಮೋಟಾರು ಕೆಲವು ದಿನ ಚೆನ್ನಾಗಿ ಓಡಿತು. ಆಮೇಲೊಂದು ದಿನ ಮುದ್ದಪ್ಪ ಬೆವೆತ ಕೈಯನ್ನು ಅದರ ಮೇಲಿಟ್ಟ. ಇಟ್ಟ ಕೈ ತೆಗೆಯಲು ಆಗಲಿಲ್ಲ.

ತುಮಕೂರಿನಿಂದ ಬಂದ ಕರೆಂಟಿನ ಇನ್ಸ್‌ಪೆಕ್ಟರು ತಂತಿಯನ್ನು ಕೆರೆದು, ಮೂಸಿ, ಏನೇನು ಹಾಕಿದಿರಿ ಎಂದು ಕೇಳಿದರು. ನಿಮ್ಮಪ್ಪ ಒಂದನ್ನೂ ಮುಚ್ಚಿಡದೆ ಹೇಳಿದರು. "ರಾಳ ಕರೆಂಟನ್ನ ತಡೀತದೆ ಸ್ವಾಮಿ. ಮಸಿ ತಡೆಯಲ್ಲ, ದಾರಿ ಕೊಡ್ತದೆ. ನೀವು ಬಳಿದದ್ದರೊಳಗೇ ಕರೆಂಟು ಹಾದು ಮೋಟಾರಿನ ಮೈಗೆ ಬಂದಿದೆ" ಎಂದರು ಇನ್ಸ್‌ಪೆಕ್ಟರು. ಬೈಯಲಿಲ್ಲ. ಕೇಸು ಮಾಡಲಿಲ್ಲ. ಸಾಹುಕಾರರೂ ಹಣೆಬರಹ ಎಂದರು. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಮುದ್ದಪ್ಪನನ್ನು ಮಣ್ಣು ಮಾಡಿದ ಮೇಲೆ ಕೆಂಪಕ್ಕ ಬಂದಿದ್ದಳು. ಶಾಪ ಹಾಕುತ್ತಾಳೆಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಅವಳು ಹೊಸಿಲಾಚೆಯೇ ಕೂತು, "ಮೊದ್ಲು ಕರೆಂಟು ಹೊಡೀದಂಗೆ ಹಲಗೆ ಮ್ಯಾಲೆ ನಿಂತ್ಕೊಂಡೇ ಮೋಟ್ರು ಮುಟ್ತಿದ್ದ ಕಣ್ರವ್ವಾ. ಅಯ್ನೋರು ಕೈಯಾರ ಬಳಿದವ್ರೆ, ಇನ್ಯಾಕೆ ಹಲಗೆ ಅಂತ ಒಲೆಗಾಕಕ್ಕೆ ನಂಗೇ ತಂದ್ಕೊಟ್ಟ" ಎಂದಳು. ಅಷ್ಟೇ ಅಂದದ್ದು. ಒಳಗೆ ಕೂತಿದ್ದ ನಿಮ್ಮಪ್ಪನಿಗೆ ಅದು ಕೇಳಿಸಿತು.

ಆವತ್ತಿನಿಂದ ಅವರು ಚೆನ್ನಾಗಿಲ್ಲ. ರಾಳದ ಮಡಕೆ ಬಾವಿಗೆ ಹಾಕಿದರು. ನಿನ್ನ ಕೂಸಿನ ಮಾತೆತ್ತಿದರೆ, "ಆ ಮಸಿಯನ್ನ ನನ್ನ ಕೈಯಿಂದ ಎಳೇ ಎದೆ ಮೇಲೆ ಕೂರಿಸು ಅಂತೀಯಾ?" ಎನ್ನುತ್ತಾರೆ. ಲಿಂಗದಲ್ಲಿ ಕರೆಂಟೆಲ್ಲಿದೆ ಎಂದು ನಾನು ವಾದ ಮಾಡಿದೆ. ಗೋಡೆ ಕಡೆಗೆ ಮಗ್ಗುಲಾಗಿಬಿಟ್ಟರು. ಆದ್ದರಿಂದ ತಾಯಿ, ಅವರನ್ನು ಕಾಯಬೇಡ. ಶಿರಾದ ಮರುಳಸಿದ್ದಯ್ಯನವರ ಹತ್ತಿರ ಮಾಡಿಸಿ ಕಟ್ಟಿಬಿಡಿ. ನಿನ್ನ ಅತ್ತೆ ಕೇಳಿದರೆ ಅಪ್ಪಯ್ಯನಿಗೆ ಕಣ್ಣು ಮಂಜು ಎನ್ನು. ನಿಮ್ಮ ಬೀದಿಗೆ ಕರೆಂಟು ಬಂದಿಲ್ಲವಲ್ಲ, ಬಂದರೂ ಮನೆಯೊಳಕ್ಕೆ ಬೇಡವೆಂದು ಅಳಿಯಂದಿರಿಗೆ ಹೇಳು.

ದೊಡ್ಡ ಮಗುವಿಗೆ ಮುತ್ತು. ನಿನ್ನ ಮುತ್ತೈದೆತನ ಗಟ್ಟಿಯಾಗಿರಲಿ, ಮಕ್ಕಳು ಬಾಳಲಿ. ದೇವರು ನಿಮ್ಮನ್ನಾದರೂ ನೋಡಿಕೊಳ್ಳಲಿ.

ನಿನ್ನ ಅವ್ವ,
ದಾಕ್ಷಾಯಣಮ್ಮ

ತಾ.ಕ. ಮಡಿಸಿದ್ದ ಕಾಗದ ಮತ್ತೆ ಬಿಚ್ಚಿದೆ. ಕೆಂಪಕ್ಕ ಹೋದ ಮೇಲೆ ನಿಮ್ಮಪ್ಪ ತಮ್ಮ ಕೊರಳಿನ ಲಿಂಗ ಬಿಚ್ಚಿ ನನ್ನ ಕೈಯಲ್ಲಿಟ್ಟರು. "ಇದನ್ನ ಹೊರೋ ಮೈಯಲ್ಲ ಇದು" ಎಂದರು. ಕಾಲಿಗೆ ಬಿದ್ದೆ, ತಿರುಗಿ ಕಟ್ಟಿಕೊಳ್ಳಲಿಲ್ಲ. ಲಿಂಗಪೂಜೆ ಇಲ್ಲದೆ ನಮ್ಮವರು ತುತ್ತು ಎತ್ತುವುದುಂಟೆ? ನಾನು ಬಾಯಿಗೆ ಹಿಡಿದರೆ ಗುಟುಕು ನೀರು, ಬೇರೆ ಏನೂ ಇಲ್ಲ. ಹಗ್ಗದ ಮಂಚದಲ್ಲಿ ಅವರು ಇದ್ದಾರೋ ಇಲ್ಲವೋ ತಿಳಿಯುವುದಿಲ್ಲ, ಅಷ್ಟು ಇಳಿದುಹೋಗಿದ್ದಾರೆ. ಅವರ ಲಿಂಗವನ್ನು ನನ್ನದರ ಜೊತೆ ನಾನೇ ಎದೆಗೆ ಕಟ್ಟಿಕೊಂಡಿದ್ದೇನೆ, ಯಾರಿಗೂ ಹೇಳಿಲ್ಲ. ಲಿಂಗ ಮೈಬಿಟ್ಟರೆ ಪ್ರಾಣ ಬಿಟ್ಟ ಹಾಗೆ ಎಂದು ಹುಟ್ಟಿದಾಗಿನಿಂದ ಕೇಳಿದವಳು ನಾನು. ಇವತ್ತು ಬೆಳಿಗ್ಗೆ ಕುಂಕುಮ ಇಟ್ಟುಕೊಳ್ಳಲು ಹೋದೆ ಜಗದಾ, ಇಡಬೇಕೋ ಬಿಡಬೇಕೋ ತಿಳಿಯದೆ ಭರಣಿ ಮುಚ್ಚಿಬಿಟ್ಟೆ.