ವಿತೆಕ್ ಉತ್ತರ ಕೊಡದ ಅರ್ಧ ನಿಮಿಷ

ಆಗಸ್ಟ್ 9, ಬೆಳಿಗ್ಗೆ

ಗಂಜಿ ತಳ ಹಿಡಿಯಿತು. ಇವೊನ ಇನ್ನೊಂದು ಚಪ್ಪಲಿಯೂ ಸರೋವರದ ಪಾಲು. ಮೂರು ವರ್ಷದವನಿಗೆ ನೀರು ಕಂಡರೆ ಏನಾದರೂ ಎಸೆಯಲೇಬೇಕು. ಕಲಿನಾಗೆ ಆರು, ಕ್ಯಾಂಪರಿನ ಮೇಲಿನ ಹಾಸಿಗೆ ತನ್ನದೇ ಎಂದು ಜಗಳ ಗೆದ್ದಿದ್ದಾಳೆ. ಭಾವ ಕೊಟ್ಟ ಹಳೇ ಗಾಡಿ. ಒಲೆ, ಸಿಂಕು, ನಾಲ್ಕು ಜನರ ಹಾಸಿಗೆ ಎಲ್ಲ ಒಳಗೇ. ಮಳೆ ಬಂದರೆ ಅರ್ಧ ಮಳೆಯೂ ಒಳಗೇ.

ವಿತೆಕ್ ಗಾಡಿಯ ಪಕ್ಕದ ಕನ್ನಡಿಯಲ್ಲಿ ಗಡ್ಡ ಹೆರೆಯುತ್ತಿದ್ದಾನೆ. ಹನ್ನೆರಡು ವರ್ಷದಿಂದ ನಮ್ಮೂರು ರಾದೊಮ್‌ನಲ್ಲಿ ಸಿಟಿ ಬಸ್ ಓಡಿಸುವವನು. ರಜೆಯಲ್ಲೂ ಐದಕ್ಕೇ ಎಚ್ಚರ.

"ಅಮ್ಮಾ, ಅಪ್ಪಂಗೆ ಕಿವಿ ಕೇಳ್ಸಲ್ವಾ?" ಕಲಿನಾ. "ನಾಲ್ಕು ಸಲ ಕರ್ದೆ. ನನ್ನೇ ನೋಡ್ತಿದ್ದ. ಮಾತಾಡ್ಲಿಲ್ಲ."

"ಏನೋ ಯೋಚ್ನೇಲಿದ್ದ, ಬಿಡೇ."

ಚಮಚ ತೊಳೆಯುತ್ತಲೇ ಅಂದೆ. ತಿರುಗಿ ಕೂಡ ನೋಡಲಿಲ್ಲ.

ಆಗಸ್ಟ್ 10, ಹತ್ತು ಗಂಟೆ

ಬ್ರೆಡ್ ತರಲು ಹೋಗಿದ್ದೆ. ವಾಪಸು ಬಂದರೆ ಕೆಟಲ್ ಕೂಗುತ್ತಿದೆ. ಅದರ ಮುಂದೆಯೇ ವಿತೆಕ್, ಕೈ ಒಲೆಯ ತಿರುಪಿನ ಮೇಲೆ. ಬಾಯಿ ಮೆಲ್ಲಗೆ ಅಗಿಯುತ್ತಿತ್ತು... ಬಾಯಲ್ಲಿ ಏನೂ ಇರಲಿಲ್ಲ. ಕರೆದೆ. ಭುಜ ಹಿಡಿದೆ. ಅರ್ಧ ನಿಮಿಷ? ಹೆಚ್ಚೇ? ಆಮೇಲೆ ರೆಪ್ಪೆ ಬಡಿದ.

"ಬ್ರೆಡ್ ಸಿಕ್ತಾ?"

"ಏನಾಯ್ತೋ ನಿಂಗೆ?"

"ಏನಾಗುತ್ತೆ? ನಿದ್ದೆ ಸಾಲ್ದು. ನಿನ್ನ ಮಗ ಮಲಗಿದ್ರೆ ಫುಟ್‌ಬಾಲ್ ಆಡ್ತಾನೆ."

ನಕ್ಕ. ನಾನೂ ನಕ್ಕೆ. ಯಾಕೆ ನಕ್ಕೆನೋ.

ಆಗಸ್ಟ್ 11

ಉತ್ತರಕ್ಕೆ ಹೊರಟೆವು. ಮಕ್ಕಳದು ಕೊಕ್ಕರೆ ಗೂಡು ಎಣಿಸುವ ಆಟ. ಕಲಿನಾಳ ಲೆಕ್ಕ ಹದಿನಾಲ್ಕು, ಇವೊಗೆ ಕಂಡದ್ದೆಲ್ಲ "ನೂರು". ನಾನು ದಾರಿ ನೋಡಲೇ ಇಲ್ಲ. ವಿತೆಕ್‌ನ ಬಾಯಿಯನ್ನೇ ನೋಡುತ್ತಾ ಕೂತಿದ್ದೆ.

ಒಂದು ತಿರುವು ತಪ್ಪಿತು. ಬೇಕೆಂದೇ ಬಿಟ್ಟೆ ಅಂದ.

"ನಿಲ್ಸು. ಸ್ವಲ್ಪ ಮಲಕ್ಕೋ."

"ಬೊಗ್ನಾ, ಪರೀಕ್ಷೆ ಮಾಡೋರ ಥರ ನೋಡ್ಬೇಡ ನನ್ನ. ಅಷ್ಟು ಭಯ ಇದ್ರೆ ನೀನೇ ಓಡ್ಸು."

ಚುಚ್ಚುವುದು ಎಲ್ಲಿ ಎಂದು ಅವನಿಗೆ ಗೊತ್ತು. ಲೈಸೆನ್ಸ್ ಇದೆ ನನಗೆ. ಕಲಿನಾ ಹುಟ್ಟಿದ ಮೇಲೆ ಒಮ್ಮೆಯೂ ಸ್ಟೀರಿಂಗ್ ಮುಟ್ಟಿಲ್ಲ. ಇನ್ನು ಈ ಮನೆಯಷ್ಟು ದೊಡ್ಡ ಗಾಡಿಯನ್ನು—

ಮತ್ತೆ ಅವನ ಬಾಯಿ ನೋಡುತ್ತಾ ಕೂತೆ.

ಆಗಸ್ಟ್ 14, ಹನ್ನೊಂದು ಗಂಟೆ

ಎರಡು ದಿನ ಬರೆದಿಲ್ಲ. ನಿನ್ನೆಯದು ಬರೆದಿಡಬೇಕು, ಇದ್ದದ್ದು ಇದ್ದ ಹಾಗೆ.

ಎರಡೂ ಕಡೆ ದಪ್ಪ ಮರಗಳ ಕಿರುದಾರಿ. ಕಲಿನಾ ಹಾಡುತ್ತಿದ್ದಳು. ಎದುರಿಗೆ ಹುಲ್ಲು ತುಂಬಿದ ಟ್ರ್ಯಾಕ್ಟರ್. ನಮ್ಮ ಗಾಡಿ ಎಡಕ್ಕೆ, ಟ್ರ್ಯಾಕ್ಟರಿನತ್ತಲೇ ಸರಿಯತೊಡಗಿತು, ನಿಧಾನಕ್ಕೆ, ಯಾರೋ ಕೈಹಿಡಿದು ಕರೆದೊಯ್ದ ಹಾಗೆ. ನೋಡಿದೆ. ಬಾಯಿ ಅಗಿಯುತ್ತಿತ್ತು.

"ವಿತೆಕ್!"

ರೆಪ್ಪೆ ಕೂಡ ಅಲುಗಲಿಲ್ಲ. ಸ್ಟೀರಿಂಗ್ ಹಿಡಿದು ಬಲಕ್ಕೆಳೆದೆ. ಎರಡು ಮರಗಳ ನಡುವೆ ನುಗ್ಗಿತು. ಪಕ್ಕದ ಕನ್ನಡಿ ಹಾರಿಹೋಯಿತು. ಹಳ್ಳ, ಆಮೇಲೆ ಕೊಯ್ಲಾದ ಹೊಲ. ಹ್ಯಾಂಡ್‌ಬ್ರೇಕ್ ಎಳೆದೆ. ಎಂಜಿನ್ ಕೆಮ್ಮಿ ನಿಂತಿತು. ಹಿಂದೆ ತಟ್ಟೆಗಳು ಇನ್ನೂ ಬೀಳುತ್ತಿದ್ದವು.

ಇವೊ ಚಪ್ಪಾಳೆ ತಟ್ಟಿದ. "ಇನ್ನೊಂದ್ಸಲ!"

ಟ್ರ್ಯಾಕ್ಟರಿನವನು ಓಡಿಬಂದ. "ಕುಡ್ದಿದೀಯೇನಯ್ಯಾ? ಮಕ್ಳಿದಾರೆ ಗಾಡೀಲಿ!"

ಅಷ್ಟರಲ್ಲಿ ವಿತೆಕ್‌ಗೆ ಅರಿವು ಬಂದಿತ್ತು. ಮೊದಲು ಹೊಲ ನೋಡಿದ, ಆಮೇಲೆ ನನ್ನನ್ನು. "ಜೇನ್ನೊಣ ನುಗ್ತು ಮಾರಾಯ, ಕಣ್ಣಿಗೇ ಬಂತು," ಅಂದ.

ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ಮೊದಲನೆಯದಲ್ಲ ಇದು, ಅಂತ ಆಗ ಗೊತ್ತಾಯಿತು. ಕೀ ತೆಗೆದು ಜೇಬಿಗೆ ಹಾಕಿಕೊಂಡೆ.

"ಕೀ ಕೊಡು."

"ಕೊಡಲ್ಲ."

"ಮಕ್ಳ ಮುಂದೆ ನಾಟ್ಕ ಆಡ್ಬೇಡ, ಬೊಗ್ನಾ."

"ಮಕ್ಳು ಇನ್ನೂ ಇದಾರಲ್ಲ, ಅವರ ಮುಂದೇನೇ ಹೇಳ್ತಿದೀನಿ. ಕೊಡಲ್ಲ."

ಟ್ರ್ಯಾಕ್ಟರಿನವನ ಹೆಸರು ಗ್ಜೆಗೊಷ್. ಗಾಡಿಯನ್ನು ತನ್ನ ಮನೆಯ ಸೇಬಿನ ತೋಟಕ್ಕೆ ಎಳೆದು ತಂದ. ಅವನ ತಾಯಿ ಗೆನೊವೆಫಾ, ಎಪ್ಪತ್ತು ದಾಟಿದಾಕೆ, ಒಂದೂ ಪ್ರಶ್ನೆ ಕೇಳದೆ ಮಕ್ಕಳ ಮುಂದೆ ಮೊಸರು, ಸಬ್ಬಸಿಗೆ ಹಾಕಿದ ಆಲೂಗಡ್ಡೆ ಇಟ್ಟರು.

ಸಂಜೆ ಸೇಬಿನ ಮರದ ಕೆಳಗೆ ವಿತೆಕ್ ಬಾಯಿಬಿಟ್ಟ. ಮಾರ್ಚಿನಿಂದ ಹೀಗಾಗುತ್ತಿದೆಯಂತೆ. ಅವನಿಗೆ ತಿಳಿದ ಹಾಗೆ ನಾಲ್ಕು ಸಲ. ಒಮ್ಮೆ ಬಸ್ಸಿನಲ್ಲಿ, ಸ್ಟಾಪಿನಲ್ಲಿ ನಿಂತಿದ್ದಾಗ. ಬಾಗಿಲು ತೆರೆದೇ ಇತ್ತು. ಹೊರಡಪ್ಪಾ ಎಂದು ಒಬ್ಬಾಕೆ ಗಾಜು ತಟ್ಟಿದಳಂತೆ.

"ಯಾರಿಗೂ ಹೇಳ್ಲಿಲ್ವಾ?"

"ಹೇಳಿದ್ರೆ ಆ ಸೀಟಿಂದ ಇಳಿಸ್ತಾರೆ. ಇಳಿದ್ಮೇಲೆ ನಾನ್ಯಾರು?"

ಸಿಟ್ಟು ಬಂತು ನನಗೆ. ಆ ಬಸ್ಸಿನಲ್ಲಿ ಶಾಲೆ ಮಕ್ಕಳು ಓಡಾಡುತ್ತಾರೆ.

ಆಗಸ್ಟ್ 15, ಮಧ್ಯಾಹ್ನ

ಮಾತೆ ಮರಿಯಾಳ ಹಬ್ಬ. ಬೆಳಿಗ್ಗೆಯೇ ಊರಿನ ಹೆಂಗಸರು ಹೂವು, ಗಿಡಮೂಲಿಕೆ, ಗೋಧಿ ತೆನೆಯ ಕಟ್ಟು ಹಿಡಿದು ಚರ್ಚಿಗೆ ಹೋದರು. ಗೆನೊವೆಫಮ್ಮ ಕಲಿನಾ ಕೈಗೂ ಒಂದು ಕಟ್ಟು ಕೊಟ್ಟು ಕರೆದೊಯ್ದರು.

ವಿತೆಕ್‌ನ ಲೆಕ್ಕ ಬೇರೆ: ಇಲ್ಲೇ ಸುಮ್ಮನಿರೋಣ, ಗ್ಜೆಗೊಷ್ ಗಾಡಿಯನ್ನು ರಾದೊಮ್‌ವರೆಗೆ ಓಡಿಸಿಕೊಡುತ್ತಾನೆ, ಇಪ್ಪತ್ತನೇ ತಾರೀಖು ಡ್ಯೂಟಿಗೆ ಹೋಗುತ್ತೇನೆ, ಆಮೇಲೆ ಡಾಕ್ಟರು.

"ನೀನು ಡ್ಯೂಟಿಗೆ ಹೋದ ದಿನ ನಾನು ಡಿಪೋಗೆ ಫೋನ್ ಮಾಡ್ತೀನಿ."

"ಮಾಡ್ತೀಯಾ? ನನ್ ಮೇಲೆ?"

"ಮಾಡ್ತೀನಿ."

ಮದುವೆಯಾದ ಏಳು ವರ್ಷದಲ್ಲಿ ಅವನು ನನ್ನನ್ನು ಹೀಗೆ ನೋಡಿದ್ದಿಲ್ಲ, ದಾರಿಹೋಕಳನ್ನು ನೋಡುವ ಹಾಗೆ. ಎದ್ದು ತೋಟದ ಹಿಂದಿನ ಸರೋವರದ ಕಡೆ ಹೋದ. ನೀರು! ಇವೊನನ್ನು ಎತ್ತಿಕೊಂಡು ಹಿಂದೆಯೇ ಓಡಿದೆ.

ಚರ್ಚಿನಿಂದ ಬಂದ ಕಲಿನಾ ನನಗಿಂತ ಮುಂಚೆ ದಡದಲ್ಲಿದ್ದಳು. ಅವನ ಬೆನ್ನಿಗೆ ಜೋತುಬಿದ್ದಿದ್ದಳು. "ಅಪ್ಪಾ, ಭುಜದ ಮೇಲೆ! ಆಳಕ್ಕೆ ಹೋಗೋಣ, ಮೊನ್ನೆ ಥರ!"

ಮೊನ್ನೆ ಥರ. ಆ ಮೊದಲಿನ ಸರೋವರದ ಎದೆಮಟ್ಟದ ನೀರಿನಲ್ಲಿ, ಭುಜದ ಮೇಲೆ ಇವಳು.

ಅವನು ಪ್ಯಾಂಟು ಮಡಿಸಿದ್ದ. ಮೊಣಕಾಲುದ್ದ ನೀರಿಗಿಳಿದು ನಿಂತುಬಿಟ್ಟ. ಬಹಳ ಹೊತ್ತು. ನಾನು ಕೂಗಲು ಬಾಯಿ ತೆರೆದಿದ್ದೆ. ಅವನೇ ತಿರುಗಿ ಅವಳನ್ನು ದಡಕ್ಕಿಳಿಸಿದ.

"ಆಗಲ್ಲ ಪುಟ್ಟಿ. ಅಪ್ಪಂಗೆ ಹುಷಾರಿಲ್ಲ."

"ಜ್ವರಾನಾ?"

"ಅಲ್ಲ. ಒಮ್ಮೊಮ್ಮೆ ಅಪ್ಪ ಇಲ್ಲಿದ್ರೂ ಇಲ್ಲಿರಲ್ಲ."

"ಗೊತ್ತು," ಅಂದಳು ಕಲಿನಾ. "ನಾ ಅಮ್ಮಂಗೆ ಹೇಳಿದ್ದೆ."

ಅವನು ಮರಳ ಮೇಲೆ ಕುಕ್ಕರಿಸಿ ಮುಖ ಮುಚ್ಚಿಕೊಂಡ. ಪಕ್ಕದಲ್ಲಿ ಕೂತೆ. ಮುಟ್ಟಲಿಲ್ಲ. ಮುಟ್ಟಬೇಕಿತ್ತೇನೋ.

"ನಾಳೆ ನೀನು ಓಡ್ಸು," ಅಂದ ಕೊನೆಗೆ.

ಆಗಸ್ಟ್ 16, ಒಂದೂವರೆ. ಆಸ್ಪತ್ರೆಯ ಬೆಂಚು

ಮೂವತ್ತೆಂಟು ಕಿಲೋಮೀಟರು. ತೋಟದ ಗೇಟಿನಲ್ಲೇ ಮೂರು ಸಲ ಎಂಜಿನ್ ನಿಂತಿತು. "ಹೋಗಮ್ಮಾ, ಗೇಟು ಮುರಿದ್ರೆ ಮುರೀಲಿ, ಹಳೇದೇ!" ಎಂದು ಗೆನೊವೆಫಮ್ಮ ಕೂಗಿದರು. ಆ ಮರಗಳ ದಾರಿಯಲ್ಲಿ ಬೆನ್ನೆಲ್ಲ ಬೆವರು. ಹಿಂದೆ ಹಾರ್ನ್ ಮೇಲೆ ಹಾರ್ನ್.

"ಬಡ್ಕೊಳ್ಳಿ ಬಿಡು," ಅಂದ ವಿತೆಕ್. "ಮೂರನೇ ಗೇರಲ್ಲೇ ಇರು. ಚೆನ್ನಾಗಿ ಓಡಿಸ್ತಿದೀಯ." ಕೈಗಳು ಮಡಿಲಲ್ಲಿ. ಬಲಗಾಲು ಮಾತ್ರ ದಾರಿಯುದ್ದಕ್ಕೂ ಇಲ್ಲದ ಬ್ರೇಕ್ ಒತ್ತುತ್ತಿತ್ತು.

ತುರ್ತು ವಿಭಾಗದಲ್ಲಿ ಎರಡು ಗಂಟೆ ಕಾದೆವು. ಡಾಕ್ಟರಮ್ಮ ಬಾಗಿಲಲ್ಲೇ ನಿಂತು ಕಾಗದದಿಂದ ತಲೆಯೆತ್ತದೆ ಕೇಳಿದರು: "ಕೆಲಸ?"

ವಿತೆಕ್ ನನ್ನ ಕಡೆ ನೋಡಿದ. ಇದು ಅವನೇ ಹೇಳಬೇಕಾದದ್ದು.

"ಬಸ್ ಡ್ರೈವರ್," ಅಂದ. "ಜನರನ್ನ ಕೂರಿಸ್ಕೊಂಡು ಓಡಿಸ್ತೀನಿ. ಬರ್ಕೊಳ್ಳಿ, ಡಾಕ್ಟ್ರೇ. ದೊಡ್ಡಕ್ಷರದಲ್ಲಿ ಬರ್ಕೊಳ್ಳಿ."

ಆಗ ತಲೆಯೆತ್ತಿದರು ಆಕೆ. ಒಳಗೆ ಕರೆದುಕೊಂಡರು.

ನಲವತ್ತು ನಿಮಿಷವಾಯಿತು. ಇವೊ ನನ್ನ ತೊಡೆಯ ಮೇಲೆ ನಿದ್ದೆ. ಕಲಿನಾ ಕೇಳುತ್ತಿದ್ದಾಳೆ, ಅಪ್ಪ ಇನ್ನು ಬಸ್ ಓಡಿಸದಿದ್ದರೆ ದಿನಾ ಸ್ಕೂಲಿಗೆ ನಡೆದು ಕರೆದುಕೊಂಡು ಹೋಗುತ್ತಾನಾ ಅಂತ. ಏನು ಹೇಳಲಿ... ಬಾಗಿಲು ತೆರೆಯಿತು. ವಿತೆಕ್. ಕೈಯಲ್ಲಿ ಒಂದು ಹಾಳೆ, ನಮ್ಮನ್ನು ಹುಡುಕುತ್ತಿದ್ದಾನೆ, ನಾನು ಕೈಯೆತ್ತಬೇಕು. ಬರೆಯುವುದು ಇಲ್ಲಿಗೇ ಸಾಕು.