ಮೂರು ಸಲ ಲೋಟ

ಮೂಡಲಗಿ
21 ನವೆಂಬರ್ 2024, ನಸುಕಿನ ಮೂರೂ ಇಪ್ಪತ್ತು

ಪ್ರೀತಿಯ ಅನ್ನಪೂರ್ಣಕ್ಕಾ,

ಮೂರಕ್ಕೆ ಲೋಟದ ಸದ್ದಿಗೆ ಎಚ್ಚರವಾಯಿತು. ಟಣ್, ಟಣ್, ಟಣ್. ಒಂದು ಸಲ ಬಡಿದರೆ ನೀರು, ಮೂರು ಸಲ ಬಡಿದರೆ ನಾನು. ನಾಲ್ಕೂವರೆ ವರ್ಷದ ನನ್ನ ಭಾಗ್ಯಾ ಅವ್ವನನ್ನು ಕರೆಯುವುದು ಹೀಗೆ. ತಟ್ಟಿ ಮಲಗಿಸಿ ಬಂದೆ.

ದೀಪಾವಳಿಯಿಂದ ನಿನ್ನ ಮೆಸೇಜಿಗೆ ಉತ್ತರ ಕೊಟ್ಟಿಲ್ಲ, ಬೈಯಬೇಡ. ಈಗ ಮಾತಾಡಿದರೆ ಅತ್ತೆ ಎದ್ದಾರು. ಅಡುಗೆಮನೆಯಲ್ಲಿ ಕೂತು ಬರೆದು, ಫೋಟೋ ತೆಗೆದು ಕಳಿಸುತ್ತೇನೆ. ಹುಕ್ಕೇರಿಯಲ್ಲಿ ಎಲ್ಲರೂ ಆರಾಮ ತಾನೇ?

ಗೋಕಾಕದ ಸ್ಪೀಚ್ ಥೆರಪಿ ಮೇಡಂ ಬಳಿ ನಾಲ್ಕು ಸೋಮವಾರ ಹೋಗಿಬಂದೆವು. ಕಿವಿ ಸರಿಯಿದೆ, ಹೇಳಿದ್ದೆಲ್ಲ ತಿಳಿಯುತ್ತದೆ, ಮಾತು ಕೂಡಿಸಲು ಮಾತ್ರ ಆಗುತ್ತಿಲ್ಲ ಎಂದರು. "ಆಕಿ ಲೋಟಾ ಬಡದ ಕೂಡ್ಲೇ ನೀರು ಕೊಡಬ್ಯಾಡ್ರಿ. 'ನೀರು' ಅಂತ ಹೇಳಿ, ಆಕಿ ಮಾರಿ ನೋಡ್ಕೋತ ಹತ್ತ ಎಣಸೂತನಾ ಕಾಯ್ರಿ. ವಾರಾ ಮಾತ್ರ ತಪ್ಪಸಬ್ಯಾಡ್ರಿ."

ಮೊನ್ನೆ ಎಂಟು ಎಣಿಸಿದಾಗ "ನೀ" ಎಂದಳು! ನಾನು ಅತ್ತುಬಿಟ್ಟೆ. ಅತ್ತೆ ಪಾರವ್ವ ನಕ್ಕರು: "ನಾಕ ವಾರಕ್ಕ ಒಂದ ಅಕ್ಷರ! ಆಕಿ ಈ ಅಜ್ಜೀನ ಆಯಿ ಅಂತ ಕರಿಯೂದ್ರಾಗ ನಾ ಇರೂದಿಲ್ಲ ಬಿಡವಾ."

ಇವತ್ತು ನನ್ನ ನಾದಿನಿಯನ್ನು ನೋಡಲು ಸಂಕೇಶ್ವರದವರು ಬರುತ್ತಾರೆ. ರಾತ್ರಿ ಊಟಕ್ಕೆ ಕೂತಾಗ ಅತ್ತೆ ತೀರ್ಮಾನ ಹೇಳಿದರು: "ಬೀಗರ ಮುಂದ ಲೋಟಾ ಬಡದ್ರ ಏನ್ ಹೇಳೂನು? ಲಗ್ನ ಮುಗಿಯೂಮಟಾ ಕೂಸು ನಿಡಸೋಸಿ ಕಾಕೂ ಮನ್ಯಾಗಿರ್ಲಿ."

"ಲಗ್ನ ಯಾವಾಗ್ರಿ?"

"ಕೂಡಿಬಂದ್ರ ಬ್ಯಾಸಗ್ಯಾಗ."

ಆರು ತಿಂಗಳು! ಶ್ರೀಶೈಲ ಅವರನ್ನು ಬೇಡಿಕೊಂಡೆ. "ಇಷ್ಟ ದಿನಾ ಆಗೇತಿ, ಇನ್ನಾರ ತಿಂಗಳಿಗೆ ಏನಾಕ್ಕೈತಿ? ಹಟಾ ಮಾಡಬ್ಯಾಡ" ಎಂದು ಗಂಡ ಹೊದಿಕೆ ಎಳೆದುಕೊಂಡರು. ಐದೂವರೆಗೆ ಬೈಕಿನಲ್ಲಿ ಕರೆದೊಯ್ಯುತ್ತಾರೆ. ಆ ಚಿಕ್ಕತ್ತೆಯ ಮನೆಯಲ್ಲಿ ಮೂರು ಸಲದ ಅರ್ಥ ಯಾರಿಗೆ ಗೊತ್ತು, ಅಕ್ಕಾ?

ನಿನ್ನ ಮಾತನ್ನು ನನ್ನ ಗಂಡ ಎಂದೂ ತೆಗೆದುಹಾಕಿಲ್ಲ. ಕಳಿಸುವುದೇ ಆದರೆ ನಿನ್ನ ಮನೆಗೆ ಕಳಿಸಲಿ, ಸೋಮವಾರ ಗೋಕಾಕಕ್ಕೆ ನೀನೇ ಕರೆದೊಯ್ಯುತ್ತೀ ಎಂದು ಹೇಳುತ್ತೀಯಾ? ನಿನಗೂ ಶಾಲೆಯ ಕೆಲಸವಿದೆ. ರಜೆ ಸಿಗುವುದಿಲ್ಲವೇನೋ.

ನಿನ್ನ ಮಗ ಸ್ವಪ್ನಿಲ್‌ಗೆ ನನ್ನ ಆಶೀರ್ವಾದ. ಅವನು ವಟವಟ ಎಂದರೆ ಗದರಬೇಡ.

ನಿನ್ನ ತಂಗಿ,
ನೇತ್ರಾ

ತಾ.ಕ.: ಇದನ್ನು ಯಾರಿಗೂ ಹೇಳಿಲ್ಲ. ಎರಡು ವರ್ಷದ ಹಿಂದೆ ಅಂಗನವಾಡಿಗೆ ಮಕ್ಕಳ ತಪಾಸಣೆಯವರು ಬಂದಿದ್ದರು. "ಎರಡೆರಡ ಶಬ್ದ ಕೂಡ್ಸಿ ಮಾತಾಡ್ತಾಳೇನ್ರಿ?" ಎಂದು ಕೇಳಿದರು. ಹಿಂದೆ ಓಣಿಯ ಹೆಂಗಸರೆಲ್ಲ ಸಾಲಾಗಿ ನಿಂತಿದ್ದರು. "ಮನ್ಯಾಗ ಭಾಳ ಮಾತಾಡ್ತಾಳ್ರಿ, ಮಂದಿ ಕಂಡ್ರ ನಾಚ್ತಾಳ" ಎಂದುಬಿಟ್ಟೆ. ಬಿ.ಎ. ಓದಿದ ನಾನು! ಅವರು ಹಾಗೆಯೇ ಬರೆದುಕೊಂಡು ಹೋದರು. ಮಗಳನ್ನು ಮೊದಲು ಮುಚ್ಚಿಟ್ಟವಳು ನಾನೇ. ರಾತ್ರಿ ಅತ್ತೆಗೆ ಬೇಡ ಎನ್ನಲು ಬಾಯಿ ಬಾರದಿದ್ದುದು ಅದಕ್ಕೇ.

ಅವಳ ಚೀಲ ಕಟ್ಟಿಟ್ಟಿದ್ದೇನೆ, ಲೋಟವನ್ನೂ ಹಾಕಿದ್ದೇನೆ. ನೀನು ಫೋನನ್ನು ಹೊರಗಿನ ಕೋಣೆಯಲ್ಲಿ ಚಾರ್ಜಿಗಿಟ್ಟು ಮಲಗುತ್ತೀ, ಗೊತ್ತು. ಆದರೂ ಹೇಗಾದರೂ ಎಚ್ಚರವಾದರೆ ಶ್ರೀಶೈಲ ಅವರಿಗೆ ಫೋನ್ ಮಾಡು ಅಕ್ಕಾ. ಬೆಳಗಾಗುವ ಮೊದಲು ಮಾಡು.