ಮತ್ತೆ ಅಳೆದವಳು

ಜೂನ್ ೧೪, ಶನಿವಾರ. ಬುಕ್ಕಾಂಬುಧಿ.

ರಜೆಗೆ ಊರಿಗೆ ಬಂದರೂ ಬಡ್ತಿಯ ಅರ್ಜಿ ಇನ್ನೂ ಮುಗಿದಿಲ್ಲ. ಇಪ್ಪತ್ತೆರಡು ವರ್ಷ ಸಮುದ್ರದ ಮಟ್ಟ ಅಳೆದು ಬರೆದದ್ದು ಅರವತ್ತೊಂದು ಪ್ರಬಂಧ. ಅದರಲ್ಲಿ ಒಂದನ್ನು ನಾನೂರು ಜನ ತಮ್ಮ ಪ್ರಬಂಧಗಳಲ್ಲಿ ಉಲ್ಲೇಖಿಸಿದ್ದಾರೆ. ಆದರೂ "ನಿಮ್ಮ ಪ್ರಭಾವಕ್ಕೆ ಒಂದು ನಿದರ್ಶನ ಕೊಡಿ" ಎಂಬ ಕಾಲಂ ಖಾಲಿಯೇ ಇದೆ.

ಸಂಜೆ ಕೆರೆ ಏರಿಯ ಮೇಲೆ ಬೆನಕಪ್ಪಜ್ಜನಿಗೆ ಆ ನಾನೂರರ ಸಂಗತಿ ಹೇಳಿದೆ, ಸ್ವಲ್ಪ ಜಂಬದಿಂದಲೇ. ಅಜ್ಜ ಈ ಕೆರೆಯ ಹಳೇ ನೀರಗಂಟಿ, ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುತ್ತಿದ್ದವನು. ತೂಬಿನ ಕಲ್ಲಿನಲ್ಲಿ ನೀರಿನ ಮಟ್ಟ ನೋಡುವುದನ್ನು ನನಗೆ ಮೊದಲು ಕಲಿಸಿದವನು.

"ನಾನ್ ಅಳೆದ್ಮೇಲೆ ಕೆಳಗಿನ ಊರೋರು ಬಂದು ಇನ್ನೊಂದ್ಸಲ ಅಳೀತಿದ್ರು ಕಣವ್ವ. ಎರಡೂ ತಾಳೆ ಆದ್ರೇನೇ ತೂಬು ಎತ್ತೋದು. ನಿಂದನ್ನ ಆ ನಾನೂರ್ ಜನಾನೂ ಅಳೆದ್ ನೋಡವ್ರಾ?"

ಇಲ್ಲ. ಅಳೆದವಳು ಒಬ್ಬಳೇ, ಕಾರವಾರದ ವಿದ್ಯಾರ್ಥಿನಿ ವಿಭಾ. ನನ್ನ ಲೆಕ್ಕ ಮೂರು ಸೆಂಟಿಮೀಟರ್ ತಪ್ಪಿದೆ ಎಂದು ನನಗೆ ಪತ್ರ ಬರೆದಿದ್ದಳು. ಅವಳದೇ ಸರಿ ಎಂದು ನನಗೆ ಅಂದೇ ಗೊತ್ತಾಗಿತ್ತು. ಎಂಟು ತಿಂಗಳಾಯಿತು, ಉತ್ತರಿಸಿಲ್ಲ. ಬಿಡುವಿಲ್ಲ ಅಂದುಕೊಳ್ಳುತ್ತಿದ್ದೆ. ಎಂಥ ಸುಳ್ಳು!

ಈಗಷ್ಟೇ ಅವಳಿಗೆ ಉತ್ತರ ಕಳಿಸಿದೆ, ಪ್ರಬಂಧ ಅಚ್ಚಾದ ಪತ್ರಿಕೆಗೆ ತಿದ್ದುಪಡಿಯನ್ನೂ. ಖಾಲಿ ಕಾಲಂನಲ್ಲಿ ಅವಳ ಹೆಸರು ಬರೆದೆ. ಬಡ್ತಿ ಹೋದರೆ ಹೋಗಲಿ. ಕಣ್ಣು ಎಳೆಯುತ್ತಿದೆ. ನಾಳೆ ಅಜ್ಜನಿಗೆ ಹೇಳಬೇಕು, ನನ್ನದನ್ನು ತಿದ್ದಿಕೊಂಡೆ, ಎರಡೂ ಅಳತೆ ತಾಳೆಯಾದವು, ಇನ್ನು ತೂಬು ಎತ್ತಬಹುದು ಅಂತ.